ಗುಂಡಿ, ಕಾಜಾ ಮತ್ತು ಗೋಡೆಯ ಬಳ್ಳಿ

ನಮ್ಮ ಹಿತ್ತಿಲು ಮುಗಿಯುವಲ್ಲಿ ನನ್ನ ನಾದಿನಿಯ ಹಿತ್ತಿಲು ಶುರುವಾಗುತ್ತದೆ. ನಡುವೆ ಎದೆಯೆತ್ತರದ ಒಂದು ಗೋಡೆ. ಇಷ್ಟು ಹತ್ತಿರವಿದ್ದೂ ಅವಳೂ ಅವಳ ಅಕ್ಕನಾದ ನನ್ನ ಹೆಂಡತಿಯೂ ಒಂಬತ್ತು ವರ್ಷ ಮಾತು ಬಿಟ್ಟಿದ್ದರು.

ಕಾರಣ ನನ್ನ ಅತ್ತೆಯ ಕೊನೆಯ ದಿನಗಳು. ನಾದಿನಿ ಆಸ್ಪತ್ರೆಯಲ್ಲಿ ನರ್ಸ್. ತನ್ನ ಮನೆಯಲ್ಲಿದ್ದ ಅಮ್ಮನ ಕಾಯಿಲೆ ಜೋರಾದಾಗ ಅಕ್ಕನಿಗೆ ಒಂದು ಮಾತೂ ಹೇಳದೆ ಆಂಬುಲೆನ್ಸ್ ಕರೆಸಿ ಆಸ್ಪತ್ರೆಗೆ ಸೇರಿಸಿದಳು. ಮೂರನೆಯ ದಿನ ಅತ್ತೆ ಅಲ್ಲೇ ತೀರಿಕೊಂಡರು. "ಅಮ್ಮನ್ನ ಅವಳ ಮಂಚದ ಮೇಲೆ ಸಾಯೋಕೂ ಬಿಡಲಿಲ್ಲ ನೀನು" ಎಂದು ನನ್ನ ಹೆಂಡತಿ ಸಾವಿಗೆ ಬಂದವರೆಲ್ಲರ ಎದುರು ಹೇಳಿಬಿಟ್ಟಳು. ಅಲ್ಲಿಂದ ಮಾತೂ ಇಲ್ಲ, ಕತೆಯೂ ಇಲ್ಲ.

ಬಳ್ಳಿ ಬಂದದ್ದು ಆಮೇಲೆ. ಅದು ನಮ್ಮ ಕಡೆಯ ಗಿಡವಲ್ಲ. ಹೂವು ಚಂದ ಎಂದು ಯಾರೋ ದೂರದ ದೇಶದಿಂದ ತಂದು ರೈಲು ಹಳಿಯ ಪಕ್ಕ ನೆಟ್ಟಿದ್ದರಂತೆ. ಅದು ಹಳಿ ದಾಟಿತು, ಮೋರಿ ದಾಟಿತು, ನಮ್ಮ ಗೋಡೆ ಹತ್ತಿತು. ಬಟ್ಟೆ ಒಣಹಾಕುವ ತಂತಿ ಹಿಡಿದು ಪೇರಳೆ ಮರಕ್ಕೆ ಹೋಗಿ ಅದನ್ನು ಮುಗಿಸಿತು. ನಾನು ಕುಡುಗೋಲು ತೆಗೆದಾಗಲೆಲ್ಲ ನನ್ನವಳು ತಡೆಯುತ್ತಿದ್ದಳು. "ಗೋಡೆ ಮೇಲಿಂದು ಇರಲಿ ಬಿಡಿ. ಆ ಮುಖ ನೋಡೋದು ತಪ್ಪುತ್ತೆ." ಆ ಕಡೆಯಿಂದಲೂ ಯಾರೂ ಕತ್ತರಿಸಲಿಲ್ಲ. ಗೋಡೆ ಎರಡಾಳು ಎತ್ತರದ ಹಸಿರು ಗುಡ್ಡವಾಯಿತು.

ಹೋದ ವರ್ಷ ಪುರಸಭೆಯವರು ಮನೆಮನೆಗೆ ನೋಟಿಸು ಅಂಟಿಸಿದರು. ಮೂರು ತಿಂಗಳಲ್ಲಿ ಬಳ್ಳಿ ತೆಗೆಯದಿದ್ದರೆ ಅವರೇ ಬಂದು ಔಷಧಿ ಹೊಡೆಯುತ್ತಾರಂತೆ. ನನ್ನವಳು ದರ್ಜಿ, ಹಿತ್ತಿಲಲ್ಲಿ ತರಕಾರಿ ಬೆಳೆಯುವುದು ಅವಳ ಹುಚ್ಚು. "ನನ್ನ ಬದನೆ ಮೇಲೆ ವಿಷ ಬೀಳೋದಾದ್ರೆ ನಾನೂ ಅಲ್ಲೇ ನಿಂತ್ಕೋತೀನಿ, ನನ್ನ ಮೇಲೂ ಹೊಡೀಲಿ" ಎಂದಳು. ನಾನು ಒಂದು ವಾರ ಕಡಿದೆ. ಸೊಂಟ ಹಿಡಿದುಕೊಂಡಿತು. ಹತ್ತೇ ದಿನಕ್ಕೆ ಬಳ್ಳಿ ಮೊದಲಿಗಿಂತ ದಟ್ಟವಾಗಿ ಚಿಗುರಿತು.

ನನ್ನದು ಹೊಲಿಗೆ ಯಂತ್ರ ರಿಪೇರಿಯ ಕೆಲಸ. ಊರಾಚೆ ಆಡು ಸಾಕುವ ಹೆಂಗಸೊಬ್ಬರು ತಮ್ಮ ಯಂತ್ರ ಒಯ್ಯಲು ಬಂದವರು ನಾನು ಸೊಂಟ ಹಿಡಿದು ಓಡಾಡುವುದನ್ನು ನೋಡಿ ನಕ್ಕರು.

"ಎಲೆ ಬಂದ ಹಾಗೆಲ್ಲ ತಿನ್ನಿಸ್ತಾ ಇರಬೇಕು ಯಜಮಾನ್ರೆ. ಎರಡು ಮೂರು ವರ್ಷಕ್ಕೆ ಬೇರಿಗೆ ಸುಸ್ತಾಗಿ ತಾನಾಗೇ ಸಾಯುತ್ತೆ. ಅಷ್ಟು ತಿನ್ನೋಕೆ ನಿಮ್ಮ ಕೈಲಾಗಲ್ಲ, ನನ್ನ ಮರಿಗಳ ಕೈಲಾಗುತ್ತೆ."

ಹೀಗೆ ಎರಡು ಹೆಣ್ಣು ಮರಿಗಳು ಬಂದವು. ನನ್ನವಳು ಒಂದಕ್ಕೆ ಗುಂಡಿ ಎಂದೂ, ಅಂಗಿಯಲ್ಲಿ ಗುಂಡಿ ತೂರಿಸುವ ತೂತಿನ ಹೆಸರಿನಲ್ಲಿ ಇನ್ನೊಂದಕ್ಕೆ ಕಾಜಾ ಎಂದೂ ಹೆಸರಿಟ್ಟಳು. "ಒಂದಿಲ್ದೆ ಇನ್ನೊಂದು ಕೆಲಸಕ್ಕೆ ಬರಲ್ಲ" ಎಂಬುದು ಅವಳ ವಿವರಣೆ. ನಿಜಕ್ಕೂ ಹಾಗೇ ಇದ್ದವು. ಗುಂಡಿ ಹಿಂಗಾಲ ಮೇಲೆ ನಿಂತು ಬಳ್ಳಿ ಎಳೆದರೆ ಕಾಜಾ ಕೆಳಗೆ ನಿಂತು ತಿನ್ನುತ್ತಿತ್ತು. ಮೊದಲ ವಾರ ನನ್ನವಳ ಅಳತೆ ಟೇಪನ್ನೂ ತಿಂದವು. ಸಂಜೆ ಅವಳು ಹೊಲಿಗೆ ನಿಲ್ಲಿಸಿ ಅವುಗಳ ಕೊರಳು ಕೆರೆಯುತ್ತ ಕೂರುವುದು ರೂಢಿಯಾಯಿತು.

ಆರನೆಯ ವಾರ ಗೋಡೆ ಕಂಡಿತು. ಅದರ ಹಿಂದೆಯೇ ನಾದಿನಿಯ ಅಡುಗೆಮನೆಯ ಕಿಟಕಿ. ಅವಳು ಪಾತ್ರೆ ತೊಳೆಯುತ್ತ ನಿಂತಿದ್ದಳು. ತಲೆಯೆಲ್ಲ ನರೆತಿತ್ತು. ನನ್ನವಳು ಬದನೆ ಬಿಡಿಸುವುದನ್ನು ಬಿಟ್ಟು ನೋಡಿದಳು, ಅವಳೂ ನೋಡಿದಳು. ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿದರು.

"ಎಷ್ಟು ಇಳಿದುಹೋಗಿದಾಳೆ" ಎಂದಳು ನನ್ನವಳು ಒಳಗೆ ಬಂದು.

"ಹೋಗಿ ಕೇಳು."

"ನಿಮ್ಮನ್ನ ಯಾರು ಕೇಳಿದ್ರು?"

ಮತ್ತೆರಡು ವಾರ ಹೀಗೇ ಹೋಯಿತು. ಒಂದು ಬೆಳಿಗ್ಗೆ, ಮಳೆ ನಿಂತ ಮೇಲೆ, ಆಡುಗಳಿಗೆ ಒಣಹುಲ್ಲು ಹಾಕದೆ ಬರಿಹೊಟ್ಟೆಯಲ್ಲೇ ಹೊರಗೆ ಬಿಟ್ಟೆ. ಅದು ನನ್ನದೇ ತಪ್ಪು. ಒದ್ದೆ ಚಿಗುರನ್ನು ಗಬಗಬ ತಿಂದ ಕಾಜಾ ಮಧ್ಯಾಹ್ನದ ಹೊತ್ತಿಗೆ ನರಳುತ್ತ ಬಿದ್ದುಕೊಂಡಿತು. ಎಡಗಡೆ ಹೊಟ್ಟೆ ಬಡಿದರೆ ಸದ್ದಾಗುವಷ್ಟು ಉಬ್ಬಿತ್ತು. ನನ್ನವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದಳು.

"ಭಾವ! ಮಲಗಿಸಬೇಡಿ ಅದನ್ನ, ಎಬ್ಬಿಸಿ ನಿಲ್ಲಿಸಿ!"

ನಾದಿನಿ ಕಿಟಕಿಯಿಂದ ಕೂಗುತ್ತಿದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಆಸ್ಪತ್ರೆಗೆ ಹೊರಟ ಸಮವಸ್ತ್ರದಲ್ಲೇ ಸ್ಟೂಲು ಹಾಕಿಕೊಂಡು ಗೋಡೆ ಹತ್ತಿ ಈ ಕಡೆ ಇಳಿದಳು.

"ನಂಗೆ ಮನುಷ್ಯರದ್ದು ಗೊತ್ತು, ಆಡಿಂದು ಅಷ್ಟಾಗಿ ಗೊತ್ತಿಲ್ಲ. ಇದನ್ನ ಕೊಟ್ಟವರಿಗೆ ಫೋನ್ ಮಾಡಿ."

ಮಾಡಿದೆ. ಆಡಿನ ಹೆಂಗಸು ಆ ಕಡೆಯಿಂದ, ಮುಂಗಾಲು ಎತ್ತರದಲ್ಲಿಡಿ, ಅಡುಗೆ ಎಣ್ಣೆ ಕುಡಿಸಿ, ಎಡಹೊಟ್ಟೆ ಬಿಡದೆ ನೀವಿ ಎಂದರು.

"ಅಕ್ಕಾ, ಎಣ್ಣೆ ತಾ."

ನನ್ನವಳು ಕಣ್ಣೊರೆಸಿಕೊಂಡು ಎದ್ದಳು. "ಯಾವ ಎಣ್ಣೆ?"

"ಯಾವುದಾದ್ರೂ ಸರಿ, ಅದೇನು ರುಚಿ ನೋಡುತ್ತಾ!"

ನಾದಿನಿ ಸೂಜಿಯಿಲ್ಲದ ಸಿರಿಂಜಿನಲ್ಲಿ, ಶ್ವಾಸನಾಳಕ್ಕೆ ಹೋಗದಂತೆ ನಿಧಾನವಾಗಿ, ಕೆನ್ನೆಯ ಪಕ್ಕದಿಂದ ಎಣ್ಣೆ ಬಿಟ್ಟಳು. ಮುಂಗಾಲುಗಳನ್ನು ನಾನು ಮೆಟ್ಟಿಲ ಮೇಲೆ ಹಿಡಿದಿದ್ದೆ. ಅಕ್ಕತಂಗಿಯರು ಮಂಡಿಯೂರಿ ಹೊಟ್ಟೆ ನೀವಿದರು. ಆಮೇಲೆ ನಾದಿನಿ ತಲೆಯೆತ್ತದೆ ಹೇಳಿದಳು:

"ಅಮ್ಮಂದೂ ಹೀಗೇ ಉಬ್ಬಿತ್ತು. ರಾತ್ರಿಯೆಲ್ಲ ನರಳಿದಳು. ಅಕ್ಕನ್ನ ಕರೀಬೇಡ, ಅವಳು ತಡಕೊಳ್ಳಲ್ಲ ಅಂದಳು. ನೋಡ್ಕೊಂಡು ಕೂರೋಕೆ ನಂಗಾಗಲಿಲ್ಲ ಅಕ್ಕ."

ನನ್ನವಳ ಕೈ ನಿಂತಿತು. ಏನಾದರೂ ಅಂದುಬಿಡುತ್ತಾಳೆ ಎಂದು ಹೆದರಿದೆ.

"ನೀನು ಈ ಕಡೆ ಬಾ" ಎಂದಳು. "ನನ್ನ ಕೈ ಸೋತುಹೋಯ್ತು."

ಸುಮಾರು ಮುಕ್ಕಾಲು ಗಂಟೆಯ ಮೇಲೆ ಕಾಜಾ ಉದ್ದಕ್ಕೆ ತೇಗಿತು. ಆ ವಾಸನೆಗೆ ಮೂವರೂ ಮೂಗು ಮುಚ್ಚಿಕೊಂಡೆವು. ಮೊದಲು ನಕ್ಕವಳು ನಾದಿನಿ. ಆ ದಿನ ಅವಳು ಕೆಲಸಕ್ಕೆ ಎರಡು ಗಂಟೆ ತಡವಾಗಿ, ಎಣ್ಣೆಯ ಕಲೆಯ ಸಮವಸ್ತ್ರ ಬಿಟ್ಟು ಅಕ್ಕನ ಬಟ್ಟೆ ಉಟ್ಟು ಹೋದಳು.

ಪುರಸಭೆಯವರು ಬಂದಾಗ ಹೊಡೆಯಲು ಏನೂ ಉಳಿದಿರಲಿಲ್ಲ. ಮಳೆಗೊಮ್ಮೆ ಬೇರು ಚಿಗುರುತ್ತದೆ, ಆಡುಗಳು ಕಾದಿರುತ್ತವೆ. ಈಗ ಅವು ಎರಡೂ ಹಿತ್ತಿಲುಗಳಲ್ಲಿ ಮೇಯುತ್ತವೆ. ಬೆಳಿಗ್ಗೆ ಮೊದಲು ಒಣಹುಲ್ಲು ಹಾಕುವುದು ನಾದಿನಿಯ ಪಾಲು, ನನ್ನ ಮೇಲೆ ಆ ನಂಬಿಕೆ ಯಾರಿಗೂ ಇಲ್ಲ.

"ಗೋಡೆಗೊಂದು ಬಾಗಿಲು ಇಡಿಸಿ" ಎಂದಳು ನನ್ನವಳು ಮೊನ್ನೆ.

"ಆಡಿಗೆ ಬಾಗಿಲು ಯಾಕೆ? ಹಾರಿಕೊಂಡು ಹೋಗ್ತವಲ್ಲ."

"ಐವತ್ತೆಂಟು ವರ್ಷಕ್ಕೆ ನಾನೂ ಹಾರಬೇಕಾ?"

ಗಾರೆ ಕೆಲಸದವನಿಗೆ ಹೇಳಿದ್ದೇನೆ. ಬಾಗಿಲು ಯಾವ ಕಡೆಗೆ ತೆರೆಯಬೇಕು ಎಂಬುದರ ಬಗ್ಗೆ ಅಕ್ಕತಂಗಿಯರು ನಿನ್ನೆಯಿಂದ ಜಗಳವಾಡುತ್ತಿದ್ದಾರೆ.