ಬತ್ತಿಯ ತುದಿಯ ಹನಿ

ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲೆ ಒಂದು ಕೂಸಿನ ತಲೆ, ಬಸ್ಸು ಕುಲುಕಿದಾಗೆಲ್ಲ ಆ ತಲೆ ಹೌದು ಹೌದು ಎನ್ನುತ್ತಿದೆ, ತುಟಿಯ ಅಂಚಿನಲ್ಲಿ ಹಾಲಿನ ಒಂದು ಹನಿ, ಬೀಳಲೊಲ್ಲದು — ಇದೆಂಥ ಕೂಸು, ಕನಕರಾಯನ ಮೊಮ್ಮಗ ಹುಟ್ಟಿದಾಗಲೇ ಹದಿನೆಂಟು ಕಿಲೋ ಇದ್ದ, ರಾಯಚೂರಿನ ದವಾಖಾನೆಯ ತಕ್ಕಡಿಯ ಮುಳ್ಳು ಮೂರು ಸುತ್ತು ತಿರುಗಿ ಕಿತ್ತುಬಂತು, ಅವನು ಮೊದಲ ಸಲ ಅತ್ತಾಗ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು ಗಾರ್ಡನ ಸೀಟಿ ಎಂದು ತಿಳಿದು ಹೊರಟೇಬಿಟ್ಟಿತು, ಚಹಾ ಕುಡಿಯಲು ಇಳಿದಿದ್ದವರೆಲ್ಲ ಲೋಟ ಹಿಡಿದುಕೊಂಡು ಅಲ್ಲೇ ಉಳಿದರು, ಬೇಕಾದರೆ ಹೋಗಿ ಕೇಳಲಿ. ಯಾರು ಕೇಳುತ್ತಾರೆ. ಕೇಳಲು ಪಕ್ಕದಲ್ಲಿ ಮಗಳು ಚಂದ್ರಕಲಾ ಒಬ್ಬಳೇ, ಅವಳು ಮಾನ್ವಿಯಲ್ಲಿ ಬಸ್ಸು ಹತ್ತಿದಾಗಿನಿಂದ ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಾಳೆ, ತೊಡೆಯ ಮೇಲೆ ಬಟ್ಟೆಗಂಟು, ಗಂಟಿನ ಮೇಲೆ ಎರಡೂ ಕೈ. ಮುಂದಿನ ಕೂಸು ಅವಳ ಕಣ್ಣಿಗೆ ಬೀಳಬಾರದೆಂದು ಕನಕರಾಯ ಮುಂದಕ್ಕೆ ಬಾಗಿ ಹೆಗಲು ಅಡ್ಡ ಕೊಟ್ಟಿದ್ದಾನೆ, ಇದು ಇಡೀ ಹಿಂಡನ್ನು ಮರೆಮಾಡಿದ ಹೆಗಲು, ತೋಳ ಬಂದರೂ ಕುರಿ ಕಾಣದೆ ವಾಪಸು ಹೋಗುತ್ತಿತ್ತು, ಇವತ್ತು ಒಂದು ಕೂಸನ್ನು ಮರೆಮಾಡಲಾಗುತ್ತಿಲ್ಲ, ಅವಳು ನೋಡಿಬಿಟ್ಟಳು, ನೋಡಿ ಮತ್ತೆ ಕಿಟಕಿಗೆ ತಿರುಗಿದಳು.

ದೇವದುರ್ಗ ಬಂದರೆ ತೀರ್ಮಾನ. ಬೀಗಿತ್ತಿ ಹುಲಿಗೆಮ್ಮ ಫೋನಿನಲ್ಲಿ ಅಳಲಿಲ್ಲ, ಬಯ್ಯಲೂ ಇಲ್ಲ, ಅದೇ ಹೆದರಿಕೆ — ನಿಮ್ಮ ಮಗಳನ್ನ ಕರಕೊಂಡು ಬರ್ರಿ ಬೀಗರ, ನಾಕು ಹಿರ್ಯಾರ ಮುಂದ ಮಾತಾಡಿ ಬಿಡೂಣು, ನಿದ್ದಿಗಣ್ಣಾಗ ಹಾಲು ಕುಡಿಸಿ ಮಗನ್ನ ಕೊಂದಾಕಿ ಜೋಡಿ ನನ್ನ ಮಗ ಹ್ಯಾಂಗ ಬಾಳೇ ಮಾಡ್ಬೇಕು, ನಾ ಕಳಿಸಿದ ಕುಂಚಿಗಿನೂ ತರ್ರಿ. ಕುಂಚಿಗೆ ಆ ಗಂಟಿನೊಳಗಿದೆ. ತಲೆಯಿಂದ ಬೆನ್ನಿನ ಕೆಳಗಿನವರೆಗೂ ಇಳಿಬೀಳುವ ಕೂಸಿನ ಟೋಪಿ, ತನ್ನ ಮದುವೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಹುಲಿಗೆಮ್ಮ ತಾನೇ ಹೊಲಿದದ್ದು, ಒಂದು ವರ್ಷದ ಕೂಸಿಗೂ ದೊಡ್ಡದಾಗುವಂತೆ ಹೊಲಿದಿದ್ದಳು, ಅದು ಯಾರ ತಪ್ಪು, ಫೋನಿನಲ್ಲಿ ಅಳತೆ ಕೊಟ್ಟವನು ಯಾರು. ಆಗ ಹುಲಿಗೆಮ್ಮನ ಕಾಲು ಮುರಿದು ಪ್ಲಾಸ್ಟರಿನಲ್ಲಿತ್ತು, ಅಳಿಯ ಅಮೋಘಸಿದ್ದ ಕುರಿ ಹೊಡೆದುಕೊಂಡು ಕೃಷ್ಣೆಯ ಆಚೆ ಗದ್ವಾಲದ ಕಡೆ ಹೋಗಿದ್ದ, ನೋಡಲು ಬರುವವರಿಲ್ಲ, ಹೇಳುವ ಬಾಯಿಗೆ ತಡೆಯಿಲ್ಲ — ಬೀಗಿತ್ತೇರ, ನಿಮ್ಮ ಮೊಮ್ಮಗ ಅಂದ್ರ ಟಗರು ಐತಿ ಟಗರು, ಎತ್ತಾಕ ಇಬ್ರು ಬೇಕು. ಆಕೆ ಪ್ಲಾಸ್ಟರಿನ ಕಾಲು ಮರೆತು ನಕ್ಕಿದ್ದಳು. ಆ ನಗು ಕೇಳಿ ಮರುದಿನ ಇನ್ನೂ ಅರ್ಧ ಕಿಲೋ ಏರಿಸಿದ್ದ.

ಗಾಜಿನ ಪೆಟ್ಟಿಗೆಯೊಳಗೆ ಒಂದು ಕಿಲೋ ಮುನ್ನೂರು ಗ್ರಾಂ, ಎಂಟು ತಿಂಗಳಿಗೇ ಹುಟ್ಟಿದ್ದು, ಮೂಗಿಗೆ ನಳಿಕೆ, ಪಾದಕ್ಕೆ ಕೆಂಪು ದೀಪ ಮಿನುಗುವ ತಂತಿ, ಚರ್ಮದ ಕೆಳಗೆ ನೀಲಿ ನರಗಳು ಎಲೆಯ ಗೆರೆಗಳ ಹಾಗೆ — ಛೇ, ಅದಲ್ಲ, ಖುರ್ಷೀದ್ ಬೇಗಂ ಹೇಳಿದ್ದನ್ನು ನೆನೆಯಬೇಕು, ಕೂಸುಗಳ ವಾರ್ಡಿನ ಆ ನರ್ಸಮ್ಮ, ಬಾಯಿ ಚಾಕು, ಕೈ ಹತ್ತಿ. ಚಂದ್ರಕಲಾಳಿಗೆ ಜ್ವರ ಬಂದ ದಿನ ಅಂಗಿ ಬಿಚ್ಚು ಅಜ್ಜಾ ಎಂದಳು, ಯಾಕ್ರೀ ನರ್ಸಬಾಯಿ, ಕುಸ್ತಿ ಐತೇನು, ನಿನ್ನ ಜೋಡಿ ಯಾರು ಕುಸ್ತಿ ಆಡ್ತಾರ, ಕೂಡು ಇಲ್ಲಿ, ಎಂದು ಬಿಡಿಸಿದ ಬಾಳೆಹಣ್ಣಿನಂಥ ಜೀವವನ್ನು ಅವನ ಎದೆಗೂದಲಿನ ಮೇಲೆ ಮಲಗಿಸಿ ಮೇಲೊಂದು ಬಟ್ಟೆ ಸುತ್ತಿದಳು, ಅದರ ಎದೆ ಬಡಿತ ಇವನ ಎದೆಗೆ ಹಕ್ಕಿ ಕುಕ್ಕಿದ ಹಾಗೆ. ದಿನಾ ನಾಲ್ಕು ತಾಸು. ಇದು ನಮಗ ಹೊಸಾದಲ್ರೀ, ಅಡವ್ಯಾಗ ಸೊರಗಿದ ಮರೀನ ಕಂಬಳಿ ಒಳಗ ಎದಿಗೆ ಹಚಗೊಂಡು ಉಳಿಸ್ತೀವಿ, ಹತ್ತು ಸಾವಿರ ಮರಿ ಉಳಿಸೀನಿ. ಹತ್ತು ಸಾವಿರ! ಖುದಾನ ಹತ್ತರನೂ ಅಷ್ಟು ಲೆಕ್ಕ ಇರಲಿಕ್ಕಿಲ್ಲ ಅಜ್ಜಾ. ವಾರ್ಡೆಲ್ಲ ನಕ್ಕಿತು. ಇಪ್ಪತ್ತೆಂಟು ದಿನ. ಕಳಿಸಿಕೊಡುವಾಗ ಒಂದು ಕಿಲೋ ಏಳುನೂರು, ಖುರ್ಷೀದ್ ಬೇಗಂ ನಗದೆ ಬೆರಳೆತ್ತಿ ಹೇಳಿದ್ದು ಚಂದ್ರಕಲಾಳಿಗಲ್ಲ, ಅವನಿಗೆ, ಅವನ ಕಣ್ಣಿಗೆ ಕಣ್ಣಿಟ್ಟು — ತಾಯಿ ಹಾಲು ಬಿಟ್ರ ಒಂದು ಹನಿ ಬ್ಯಾರೆ ಇಲ್ಲ, ನೀರಿಲ್ಲ, ಜೇನಿಲ್ಲ, ಆಡಿಂದಿಲ್ಲ, ಕುರಿದಿಲ್ಲ, ತಿಳೀತಾ, ಇದು ಮರಿ ಅಲ್ಲ, ಇದರ ಗಂಟಲಿಗೆ ಇನ್ನಾ ನುಂಗೂದು ಬರಂಗಿಲ್ಲ. ತಿಳೀತ್ರೀ ಬಾಯಿ. ತಿಳಿದಿತ್ತು. ಎಲ್ಲ ತಿಳಿದಿತ್ತು.

ಬಾಗಲವಾಡದ ಮನೆ, ಒಳಕೋಣೆ, ಕರಿ ಕಂಬಳಿ, ಬಾಣಂತಿಯ ಅಗ್ಗಿಷ್ಟಿಕೆಯ ಹೊಗೆ ಬೇಡವೆಂದು ಹೆಂಡತಿ ದುರುಗಮ್ಮನೊಡನೆ ಅವನೇ ಜಗಳವಾಡಿದ್ದ, ಅಷ್ಟು ಜಾಣ, ಹದಿಮೂರು ದಿನ ಅಷ್ಟು ಜಾಣ. ಆಮೇಲೆ ಕುಂಚಿಗೆ ಬಂತು, ಜೊತೆಗೆ ಹುಲಿಗೆಮ್ಮನ ಮಾತು, ಪ್ಲಾಸ್ಟರ್ ತಗದಾರ, ಐತಾರ ತೊಟ್ಟಿಲಕ್ಕ ಬರ್ತೀವಿ, ಟಗರನ್ನ ಎತ್ತಾಕ ಇಬ್ರನ್ನ ಕರಕೊಂಡೇ ಬರ್ತೀನಿ. ಕೂಸಿಗೆ ತೊಡಿಸಿ ನೋಡಿದರೆ ಕುಂಚಿಗೆಯೊಳಗೆ ಕೂಸೇ ಇಲ್ಲ, ಸೆರಗಿನ ಬಾವಿಯ ತಳದಲ್ಲಿ ಎರಡು ಕಣ್ಣು. ಕೈಯಲ್ಲಿ ಎತ್ತಿ ಮರಿಯ ತೂಕ ಹೇಳುವವನಿಗೆ ತಕ್ಕಡಿ ಬೇಕಿಲ್ಲ, ಎರಡು ಕಿಲೋನೂ ಇಲ್ಲ. ಭಾನುವಾರಕ್ಕೆ ನಾಲ್ಕು ದಿನ. ನಾಲ್ಕು ದಿನದಲ್ಲಿ ಕೆನ್ನೆ ತುಂಬಿಸಿದ ಮರಿಗಳು ಎಷ್ಟಿಲ್ಲ, ಹಟ್ಟಿಯಲ್ಲಿ ಈದ ಆಡು ಇದೆ, ಬೆಚ್ಚನೆಯ ಹಾಲು, ಒಂದೆರಡು ಹನಿ — ಅಷ್ಟು ಸಾಕು, ಮುಂದಿನದು ಬೇಡ. ಆ ಶುಕ್ರವಾರ ಮಧ್ಯಾಹ್ನ ದುರುಗಮ್ಮ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದಳು, ಚಂದ್ರಕಲಾ ಮಲಗಿದ್ದಳು, ಕನಕರಾಯ ಹಟ್ಟಿಯಲ್ಲಿದ್ದ, ಹೌದು ಹಟ್ಟಿಯಲ್ಲೇ ಇದ್ದ, ಅವಳ ಚೀರಾಟ ಕೇಳಿ ಓಡಿಬಂದ, ಎಲ್ಲರಿಗೂ ಹಾಗೇ ಹೇಳಿದ್ದಾನೆ, ಮಾನ್ವಿಯ ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ತೆಗೆದು, ಹಾಲು ಉಸಿರಿನ ಕೊಳವಿಗೆ ಹೋಗ್ಯದ, ಮಲಕ್ಕೊಂಡು ಕುಡಿಸಿದ್ಯೇನಮ್ಮ ಎಂದರು, ಚಂದ್ರಕಲಾ ಅಪ್ಪನ ಮುಖ ನೋಡಿದಳು, ಎದೆಗೇ ಇತ್ತು ಸಾಹೇಬ್ರ, ನನಗ ಜೊಂಪು ಹತ್ತಿತ್ತು ಎಂದಳು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ. ಬೇವಿನ ಗಿಡದ ಬುಡದಲ್ಲಿ ಎರಡು ಗೇಣಿನ ಕುಳಿ ಸಾಕಾಯಿತು. ಕಂಬಳಿ ಕೂಸಿನೊಡನೆ ಹೋಯಿತು, ಕುಂಚಿಗೆಯನ್ನು ಮಾತ್ರ ಅವಳು ಬಿಡಲಿಲ್ಲ, ಒಗೆಯಲೂ ಇಲ್ಲ, ವಾಸನಿ ಹೋಗ್ತದಬೇ ಎಂದು ಅವ್ವನಿಗೆ ಹೇಳಿ ಮಡಚಿ ಟ್ರಂಕಿಗೆ ಹಾಕಿದಳು. ಹತ್ತೊಂಬತ್ತು ದಿನದಿಂದ ಕನಕರಾಯ ಬೆರಳುದ್ದದ ಒಂದನ್ನು ಹುಡುಕುತ್ತಿದ್ದಾನೆ, ಹಟ್ಟಿಯ ಹುಲ್ಲಿನಲ್ಲಿ, ಅಂಗಿಯ ಜೇಬಿನಲ್ಲಿ, ಒಳಕೋಣೆಯ ಮೂಲೆಯಲ್ಲಿ, ಅದು ಎಲ್ಲಿ ಬಿತ್ತೋ.

ದೇವದುರ್ಗ, ದೇವದುರ್ಗ, ಇಳೀರಿ. ಬೀಗರ ಮನೆಯ ಪಡಸಾಲೆಯಲ್ಲಿ ಚಾಪೆ, ನಾಲ್ಕು ಜನ ಹಿರಿಯರು, ಮೂಲೆಯಲ್ಲಿ ಅಳಿಯ ಅಮೋಘಸಿದ್ದ, ಹೆಂಡತಿಯ ಕಡೆ ನೋಡಬೇಕೆಂದು ಕತ್ತೆತ್ತಿ ಮತ್ತೆ ಚಾಪೆಯ ಎಳೆ ಕೀಳುತ್ತಾನೆ, ಕೋಲೂರಿ ಬಂದ ಹುಲಿಗೆಮ್ಮ ಗೋಡೆಗೆ ಒರಗಿ ಕೂತಳು, ನೀರು ಕುಡೀರಿ ಬೀಗರ, ಕುಡಿಯಲಾಗದು. ಹೇಳವ್ವಾ ಏನಾತು, ಹಿರಿಯನೊಬ್ಬ ಚಂದ್ರಕಲಾಳನ್ನು ಕೇಳುತ್ತಾನೆ, ಅವಳು ಒಪ್ಪಿಸಿದಳು, ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ — ನಾ ಮಲಗಿದ್ದೆ, ಎದ್ದಾಗ ಎದಿಗೇ ಇತ್ತು, ತಣ್ಣಗಿತ್ತು, ತಪ್ಪು ನಂದೇ, ನೀವು ಬ್ಯಾಡಂದ್ರ ನಾ ನಮ್ಮಪ್ಪನ ಮನ್ಯಾಗ ಇರ್ತೀನಿ. ನಮ್ಮಪ್ಪನ ಮನ್ಯಾಗ. ಈಗ ಹೇಳು ಕನಕರಾಯ, ಬಾಯಿ ತೆಗೆದರೆ ರೈಲು ಹೊರಡಿಸುವವನೇ, ಒಂದು ಮಾತು ಹೊರಡಿಸು. ಕುಂಚಿಗಿ ಕೊಡು ಎಂದಳು ಹುಲಿಗೆಮ್ಮ. ಗಂಟು ಬಿಚ್ಚಿತು, ಚಂದ್ರಕಲಾ ಮಡಿಕೆ ಬಿಡಿಸಿದಳು, ಒಂದು, ಎರಡು, ಮೂರನೆಯ ಮಡಿಕೆಯಿಂದ ಏನೋ ಚಾಪೆಯ ಮೇಲೆ ಬಿತ್ತು, ಬೆರಳುದ್ದದ್ದು, ಒಣಗಿ ಹಳದಿಯಾದದ್ದು, ಹತ್ತಿಯ ಬತ್ತಿ, ಹಿಡಿಕೆಯಲ್ಲಿ ಮೂರು ಸುತ್ತಿನ ಗಂಟು. ಅವಳು ಎತ್ತಿಕೊಂಡಳು. ಏಳು ವರ್ಷದವಳಿದ್ದಾಗ ಹಟ್ಟಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಅವನೇ ಕಲಿಸಿದ್ದ, ಹಿಂಗ ಹೊಸೀಬೇಕು ಮಗಳ, ಹಿಂಗ ಮೂರು ಸುತ್ತು, ಹಾಲಿನಾಗ ಅದ್ದಿದ್ರ ತಾಯಿ ಇಲ್ಲದ ಮರಿಗೆ ಇದೇ ಮೊಲಿ. ಅವಳು ಮೂಗಿಗೆ ಹಿಡಿದಳು. ಕುರುಬರ ಮಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಪ್ಪಾ, ಇದು ಆಡಿನ ಹಾಲು.

ನಾನವ್ವಾ — ಯಾರ ಬಾಯಿ ಇದು, ತನ್ನದೇ — ನಾ ಕುಡಿಸಿದ್ದು, ಹಿಂದಿನ ಎರಡು ದಿನಾನೂ ಕುಡಿಸಿದ್ದೆ, ಏನೂ ಆಗಿರ್ಲಿಲ್ಲ, ಚಪ್ಪರಿಸಿತ್ತವ್ವ, ಮೂರನೇ ದಿನ ಕುಂಚಿಗಿ ತೊಡಿಸ್ಕೊಂಡು ಕುಂತಿದ್ದೆ, ಎಷ್ಟು ತುಂಬ್ಯಾನ ನೋಡೂಣು ಅಂತ. ಹಿರಿಯರು ಮುಖ ಮುಖ ನೋಡಿದರು, ಹುಲಿಗೆಮ್ಮ ಕೋಲು ನೆಲಕ್ಕೆ ಕುಟ್ಟಿದಳು — ಸಾಕು ಮಾಡ್ರಿ ಬೀಗರ, ಟಗರು ಅಂದ್ರಿ, ಎತ್ತಾಕ ಇಬ್ರು ಬೇಕಂದ್ರಿ, ಈಗ ಮಗಳನ್ನ ಉಳಿಸಾಕ ಇದೊಂದು ಬಡಾಯಿ ಹೇಳಾಕತ್ತೀರಿ. ಬಡಾಯಿ ಅಲ್ರೀ, ಹುಟ್ಟಿದಾಗ ಒಂದು ಕಿಲೋ ಮುನ್ನೂರು ಇದ್ದ, ಹೋದಾಗ ಎರಡೂ ತುಂಬಿರ್ಲಿಲ್ಲ, ಐತಾರ ನೀವು ಬಂದು ನೋಡ್ತೀರಿ ಅಂತ ಕುಡಿಸಿದೆ, ಅಷ್ಟಕ್ಕ, ಕೆಮ್ಮಿದ, ನೀಲಿ ಆದ, ಮೂಗಿನಾಗಿಂದ ಹಾಲು ಬಂತು, ಮರಿಗೆ ಮಾಡಿದಂಗ ಬೆನ್ನು ಬಡಿದೆ, ಕಾಲು ಹಿಡಿದು ತಲಿಕೆಳಗ ಮಾಡಿದೆ, ಉಸಿರು ಬರ್ಲಿಲ್ಲ. ಹತ್ತು ಸಾವಿರ ಅಲ್ಲವ್ವ, ನನ್ನ ಜಲ್ಮದಾಗ ಉಳಿಸಿದ್ದು ಮೂವತ್ತೋ ನಲವತ್ತೋ, ಮಿಕ್ಕಿದ್ದೆಲ್ಲ ಸತ್ತಾವು. ಅಮೋಘಸಿದ್ದ ಎದ್ದು ನಿಂತಿದ್ದಾನೆ, ಚಂದ್ರಕಲಾ ಬತ್ತಿ ಹಿಡಿದ ಕೈಯನ್ನು ಕೆಳಗಿಳಿಸಿಲ್ಲ — ಮತ್ತ ನನ್ನ ಎದಿಗೆ ಹ್ಯಾಂಗ ಬಂತು ಯಪ್ಪಾ? ಅದನ್ನು ಕೇಳಬಾರದಿತ್ತು, ಅದೊಂದನ್ನು, ನೀ ಮಲಗಿದ್ದಿ, ಕೂಸು ನಿನ್ನ ಹತ್ತರ ಇರ್ಲೇ ಇಲ್ಲ ಮಗಳ, ನಾನೇ ತಂದು ಮಲಗಿಸಿದೆ, ನಿನ್ನ ಸೆರಗು ಸರಿಸಿ, ಬಾಯಿ ಎದಿಗೆ ಹಚ್ಚಿ, ಹಟ್ಟಿಗೆ ಹೋಗಿ ನಿಂತೆ, ನೀ ಚೀರೂದು ಕಾಯ್ಕೋತ ನಿಂತಿದ್ದೆ — ನಿದ್ದೆಯಲ್ಲೇ ಅವಳ ಕೈ ಬಂದು ಕೂಸಿನ ಬೆನ್ನ ಮೇಲೆ ಬಿದ್ದಿತ್ತು, ಎರಡು ಸಲ ತಟ್ಟಿತ್ತು, ಕುಂಚಿಗೆಯ ಬಾವಿಯ ತಳದಲ್ಲಿ ಆ ಮುಖ, ಒರೆಸಿದ್ದ, ಮೂಗು ಒರೆಸಿದ್ದ, ಗಲ್ಲ ಒರೆಸಿದ್ದ, ತನ್ನ ಧೋತರದ ಚುಂಗಿನಿಂದ ಎಲ್ಲ ಒರೆಸಿದ್ದ, ಇದೊಂದನ್ನು ಬಿಟ್ಟು, ತುಟಿಯ ಅಂಚಿನಲ್ಲಿ, ಬಿಳಿಯದು, ಒಂದೇ ಹನಿ, ಬೀಳಲೊಲ್ಲದು, ಒಂದೇ ಹನಿ, ಬೀಳಲೊಲ್ಲದು