ಕಾಂಪೌಂಡ್ ಗೋಡೆಯ ಪೋಸ್ಟರು

ಗೋವಿಂದರಾಜನಗರದ ನಮ್ಮ ಬೀದಿಯಲ್ಲಿ ಆಗ ಸಂಜೆಯಾದರೆ ಮಕ್ಕಳ ಗಲಾಟೆ. ಲಗೋರಿ ಚೆಂಡು ಬಂದು ನನ್ನ ತುಳಸಿಕಟ್ಟೆಗೆ ಬಡಿಯದ ದಿನವೇ ಇರಲಿಲ್ಲ. ಎರಡು ಸಾವಿರದ ಏಳನೇ ಇಸವಿಯ ಮಾತು. ನಾನು ಅಲಮೇಲು, ನರ್ಸ್ ಆಗಿದ್ದು ನಿವೃತ್ತಳಾದವಳು. ಬೀದಿಗೆಲ್ಲ ಬುದ್ಧಿ ಹೇಳುವುದು ನನ್ನ ಹಕ್ಕು ಅಂದುಕೊಂಡಿದ್ದೆ.

ಯಾವುದೋ ಸಂಸ್ಥೆಯವರು ಮಕ್ಕಳ ಬೊಜ್ಜಿನ ಬಗ್ಗೆ ಎಚ್ಚರಿಸುವ ಪೋಸ್ಟರ್ ಹಿಡಿದು ಬಂದಾಗ ನನ್ನ ಗೋಡೆಯನ್ನೇ ತೋರಿಸಿದೆ. ಅದರಲ್ಲಿ ಒಂದು ದಪ್ಪ ಹುಡುಗಿಯ ಅಳುಮುಖ. ಕೆಳಗೆ, 'ನಿಮ್ಮ ಮಗುವೂ ಹೀಗಾಗಬೇಕೆ?'

ಎದುರುಮನೆ ಕಿಟ್ಟಿ ಮೇಷ್ಟ್ರು, "ಮಕ್ಕಳೂ ಓದ್ತಾರೆ ಕಣ್ರೀ, ತೆಗೆಸಿಬಿಡಿ" ಅಂದರು.

"ಭಯ ಇದ್ರೇನೇ ಬುದ್ಧಿ ಬರೋದು ಮೇಷ್ಟ್ರೇ" ಅಂದುಬಿಟ್ಟೆ.

ನಮ್ಮ ಮಹಡಿ ಮನೆಯಲ್ಲಿ ಕೊಪ್ಪಳದ ಕಡೆಯ ಹನುಮವ್ವ ಬಾಡಿಗೆಗಿದ್ದರು. ಮಗ, ಸೊಸೆ ಬೆಳಗ್ಗೆಯೇ ಕೆಲಸಕ್ಕೆ ಹೊರಡುವವರು. ಮೊಮ್ಮಗಳು ದೀಪ್ತಿಗೆ ಒಂಬತ್ತು ವರ್ಷ, ಮೈ ದುಂಡಗೆ. ಲಗೋರಿಯ ಕಲ್ಲು ಜೋಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪೋಸ್ಟರ್ ಅಂಟಿಸಿದ ವಾರಕ್ಕೇ ಮಕ್ಕಳು ಅವಳನ್ನು 'ಪೋಸ್ಟರ್' ಅಂತ ಕರೆಯತೊಡಗಿದರು. ಅವಳು ಆಟಕ್ಕೆ ಬರುವುದು ನಿಂತಿತು. ಊಟವನ್ನೂ ಬಿಟ್ಟಿದ್ದಾಳೆಂದು ಯಾರಿಗೂ ತಿಳಿಯಲಿಲ್ಲ.

ಒಂದು ದಿನ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ತಲೆಸುತ್ತಿ ಬಿದ್ದಳು. ಮನೆಗೆ ಕರೆತಂದರೆಂದು ಕೇಳಿ ಮಹಡಿ ಹತ್ತಿದೆ.

"ಮೈ ತುಂಬ್ಕೊಂಡಿದ್ರ ತಪ್ಪೇನ್ರೀ ಅಕ್ಕಾರ?" ಹನುಮವ್ವ ಕಣ್ಣೊರೆಸಿಕೊಂಡರು. "ಕೂಸಿಗೆ ದೃಷ್ಟಿ ಆಗೇತಿ. ತುಪ್ಪಾ ಹಾಕಿ ಉಣಿಸ್ತೀನಿ, ಎದ್ದು ಕೂಡ್ತಾಳ."

"ದೃಷ್ಟಿ ಅಲ್ಲ ಹನುಮವ್ವಾ, ಊಟ ಬಿಟ್ಟಿದಾಳೆ, ಈಗ ಕೇಳಿದ್ದಕ್ಕೆ ಅವಳೇ ಹೇಳಿದ್ಲು. ತೂಕ ಹೆಚ್ಚೋ ಅಲ್ವೋ ಅಂತ ವಯಸ್ಸು, ಎತ್ತರ ನೋಡಿ ಡಾಕ್ಟರ್ ಹೇಳ್ಬೇಕು. ಹೆಚ್ಚಿದ್ರೂ ಮಕ್ಕಳು ಉಪವಾಸ ಇರಬಾರದು. ಊಟ ಬಿಡೋ ಮುಂಚೆ ದಿನಾ ಏನ್ ತಿಂತಿದ್ಲು?"

"ಮುಂಜಾನೆ ಬೇಕರಿ ಬನ್ನು. ಸಂಜಿಕ ಚಿಪ್ಸು, ಕಲರ್ ಸೋಡಾ."

"ಊರಲ್ಲಿ ಏನ್ ತಿಂತಿದ್ಲು?"

"ಜ್ವಾಳದ ರೊಟ್ಟಿ, ಪುಂಡಿಪಲ್ಯ, ಮಸರು."

"ಅದನ್ನ ಯಾಕ್ ಬಿಟ್ರಿ?"

ಹನುಮವ್ವ ನೆಲ ನೋಡಿದರು. "ನೀವ ಅಂದಿದ್ರಲ್ರೀ, ನಸುಕಿನ್ಯಾಗ ರೊಟ್ಟಿ ಬಡದ್ರ ಕೆಳಗ ನಿದ್ದಿ ಕೆಡತೈತಿ ಅಂತ."

ಹೌದು, ಅಂದಿದ್ದೆ. ಓನರಮ್ಮನ ಗತ್ತಿನಲ್ಲೇ ಅಂದಿದ್ದೆ.

ಮಲಗಿದ್ದ ದೀಪ್ತಿ ಮೆಲ್ಲಗೆ ನನ್ನನ್ನು ಕೇಳಿದಳು: "ಅಜ್ಜಿ, ಆ ಪೋಸ್ಟರ್ ಹುಡುಗೀನೂ ಯಾರೂ ಆಟಕ್ಕೆ ಸೇರಿಸಿಕೊಳ್ಳಲ್ವಾ?"

ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಕೆಳಗಿಳಿದು, ಬಕೆಟ್ ನೀರು, ತೆಂಗಿನ ನಾರು ಹಿಡಿದು ಪೋಸ್ಟರನ್ನು ಉಜ್ಜಿ ಕಿತ್ತೆ. ಕಿಟ್ಟಿ ಮೇಷ್ಟ್ರು ಇನ್ನೊಂದು ಬಕೆಟ್ ತಂದುಕೊಟ್ಟರು.

"ನಾಳೆಯಿಂದ ರೊಟ್ಟಿ ಬಡೀರಿ ಹನುಮವ್ವಾ, ಅದೇ ನನಗೆ ಅಲಾರಂ" ಅಂತ ಮತ್ತೆ ಮಹಡಿ ಹತ್ತಿ ಹೇಳಿದೆ.

ತೂಕ ತುಸು ಹೆಚ್ಚಿದೆ ಎಂದ ಡಾಕ್ಟರು ಹೇಳಿದ್ದು ಇಷ್ಟೇ: ಮನೆಮಂದಿಗೆಲ್ಲ ಒಂದೇ ಊಟ, ಸೋಡಾ ಬದಲು ನೀರು, ದಿನಕ್ಕೊಂದು ಗಂಟೆ ಆಟ. ಹನುಮವ್ವ ಒಪ್ಪಿದರು. ಮುಂದಿನ ಸಂಜೆ ಮಕ್ಕಳನ್ನೆಲ್ಲ ಕರೆದು ಮೊದಲು ನನ್ನ ತಪ್ಪು ಒಪ್ಪಿಕೊಂಡೆ, ಆಮೇಲೆ ಅವರಿಗೆ ಬೈದೆ. ದೀಪ್ತಿ ಮತ್ತೆ ಲಗೋರಿ ಕಲ್ಲು ಜೋಡಿಸಿದಳು.

ಹನುಮವ್ವನ ಮನೆಯವರು ಈಗ ಕೆಂಗೇರಿಯಲ್ಲಿದ್ದಾರೆ. ಬೀದಿ ತುಂಬ ಕಾರುಗಳು ನಿಂತಿವೆ. ನಸುಕಿನಲ್ಲಿ ಎಚ್ಚರವಾದಾಗ ಆ ರೊಟ್ಟಿಯ ಸದ್ದಿಗೆ ಇವತ್ತಿಗೂ ಕಿವಿಗೊಡುತ್ತೇನೆ.

ಅಪ್ಪ ಅಮ್ಮಂದಿರೇ, ಮಗುವಿನ ತೂಕದ ಚಿಂತೆಯಿದ್ದರೆ ಡಾಕ್ಟರ ಹತ್ತಿರ ಹೋಗಿ. ಮಗುವಿನದೊಂದೇ ಅಲ್ಲ, ಮನೆಯ ಎಲ್ಲರ ತಟ್ಟೆಯನ್ನೂ ಬದಲಿಸಿ. ಹೀಯಾಳಿಸಿದರೆ ಮಗು ಸಣ್ಣಗಾಗುವುದಿಲ್ಲ, ಒಂಟಿಯಾಗುತ್ತದೆ. ನಿಮ್ಮ ಬೀದಿಯಲ್ಲೂ ಆಟದಿಂದ ದೂರ ನಿಂತ ಮಗುವಿದ್ದರೆ, ಇವತ್ತು ಸಂಜೆಯೇ ಅದನ್ನು ಅದರ ಹೆಸರಿನಿಂದ ಕರೆಯಿರಿ.