ತೋಳೇ ದಿಂಬು

ಮಧ್ಯಾಹ್ನದ ಊಟ ಮುಗಿಯುತ್ತಿದ್ದಂತೆ ಪುಷ್ಪಲತಾ ತನ್ನ ಬಲತೋಳು ನೀವಿಕೊಳ್ಳುವಳು. ಅತ್ತೆ ಕೊಟ್ರವ್ವನನ್ನು ಮಲಗಿಸುವ ಹೊತ್ತು ಅದು. ಮರೆವಿನ ಕಾಯಿಲೆ ಹತ್ತಿದ ಮೇಲೆ ಮುದುಕಿಗೆ ಸೊಸೆಯೇ ಹೆತ್ತವ್ವ, ಸೊಸೆಯ ಬಲತೋಳೇ ದಿಂಬು. ತೋಳು ಎಳೆದುಕೊಂಡರೆ ಎಚ್ಚರಾಗಿ, ತವರಿಗೆ ಹೋಗ್ತೀನಿ ಎಂದು ಬಾಗಿಲಿಗೆ ಓಡುವಳು. ಹರಿಹರದ ಸ್ಟ್ಯಾಂಡಿನಲ್ಲಿ ಮಲೆಬೆನ್ನೂರಿನ ಬಸ್ಸು ಹತ್ತಿ ಕೂತಿದ್ದವಳನ್ನು ಒಮ್ಮೆ ಇಳಿಸಿ ತಂದಿದ್ದರು. ಅಂದಿನಿಂದ ಬಾಗಿಲಿಗೆ ಒಳಗಿನಿಂದಲೇ ಬೀಗ.

ಈಚೆಗೆ ಮಲಗಿದ ಸ್ವಲ್ಪ ಹೊತ್ತಿಗೇ ಬೆರಳುಗಳಲ್ಲಿ ಇರುವೆ ಹರಿದಂತಾಗಿ, ಮೊಣಕೈವರೆಗೆ ಜೋಮು ಏರುತ್ತಿತ್ತು. ಪುಷ್ಪಲತಾ ಹಲ್ಲು ಕಚ್ಚಿಕೊಂಡು ತೋಳು ಅಲುಗಿಸದೆ ಮಲಗಿರುತ್ತಿದ್ದಳು. ಒಂದು ದಿನ ಅನ್ನ ಬಸಿಯುವಾಗ ಪಾತ್ರೆ ಕೈಜಾರಿ ಬಿಸಿ ಗಂಜಿ ಪಾದದ ಮೇಲೆ ಬಿತ್ತು.

ದಾವಣಗೆರೆ ಪಕ್ಕದ ಕರೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಂಡ ಮಾಲತೇಶ್ ರಜೆ ಹಾಕಿ, ಪಕ್ಕದ ಮನೆಯ ರಂಗವ್ವನನ್ನು ತಾಯಿಯ ಹತ್ತಿರ ಕೂರಿಸಿ, ಹೆಂಡತಿಯನ್ನು ದಾವಣಗೆರೆಗೆ ಕರೆದೊಯ್ದ. ಡಾಕ್ಟರಮ್ಮ ಕುತ್ತಿಗೆ ತಿರುಗಿಸಿ, ಮಣಿಕಟ್ಟು ಒತ್ತಿ, ರಕ್ತಪರೀಕ್ಷೆಯ ವರದಿ ನೋಡಿದರು.

"ಸಕ್ಕರೆ, ಥೈರಾಯ್ಡ್, ಬಿ-12 ಎಲ್ಲ ಸರಿ ಐತೆ. ನೀವು ಹೆಂಗೆ ಮಲಗ್ತೀರಿ?"

ಪುಷ್ಪಲತಾ ಗಂಡನ ಮುಖ ನೋಡಿದಳು. "ಎಲ್ಲಾರಂಗೇ ರೀ."

ಡಾಕ್ಟರಮ್ಮನಿಗೆ ಏನೋ ತಿಳಿಯಿತು. ಮಾಲತೇಶನನ್ನು ಹೊರಗೆ ಕಳಿಸಿದರು. ಆಗ ಪುಷ್ಪಲತಾ ಎಲ್ಲವನ್ನೂ ಹೇಳಿ ಅತ್ತಳು.

"ನರದ ಮೇಲೆ ದಿನಾ ಭಾರ ಬೀಳ್ತಾ ಐತೆ ಕಣಮ್ಮ. ಹಿಂಗೇ ಬಿಟ್ರೆ ಕೈಯ ಹಿಡಿತ ಹೋದೀತು. ನಾನೇ ಹೇಳ್ಲಾ ಅವರಿಗೆ?"

"ಬ್ಯಾಡ್ರಿ. ನಾನೇ ಹೇಳ್ತೀನಿ."

ಮನೆಗೆ ಬಂದರೆ ಕೊಟ್ರವ್ವ "ಅವ್ವ ಬಂದ್ಲು, ಅವ್ವ ಬಂದ್ಲು" ಎಂದು ಅದೇ ತೋಳಿಗೆ ಜೋತುಬಿದ್ದಳು. ಪುಷ್ಪಲತಾಳ ತಾಳ್ಮೆ ಅಲ್ಲೇ ಮುಗಿಯಿತು.

"ರೀ, ನನ್ನ ಕೈ ಸಾಯ್ತಾ ಐತ್ರಿ. ಇವತ್ತೊಂದಿನ ನಿಮ್ಮ ತೋಳು ಕೊಡ್ರಿ."

ಮಾಲತೇಶ್ ತಾಯಿಯನ್ನು ಮಲಗಿಸಿ, ಪಕ್ಕದಲ್ಲಿ ಒರಗಿ ತೋಳು ಚಾಚಿದ. "ಯಾವನೋ ನೀನು?" ಎಂದು ಕೊಟ್ರವ್ವ ಅವನ ಕೆನ್ನೆಗೆ ಬಾರಿಸಿದಳು. ಅವನು ಎದ್ದು ಗೋಡೆಗೆ ಮುಖ ಮಾಡಿ ನಿಂತ. ಪುಷ್ಪಲತಾ ಮತ್ತೆ ಬಲತೋಳು ಚಾಚಿದಳು.

ಆಮೇಲೆ ಅವನು ಮಧ್ಯಾಹ್ನ ಮನೆಯಲ್ಲಿರುವಂತೆ ಶಿಫ್ಟ್ ಬದಲಿಸಿಕೊಂಡ. ಹೆಂಡತಿ ಉಟ್ಟು ಬಿಟ್ಟ ಸೀರೆಯನ್ನು ದಿಂಬಿಗೆ ಸುತ್ತಿ, ತಾಯಿಗೆ ಜೊಂಪು ಹತ್ತಿದಾಗ ತಲೆಯನ್ನು ಮೆಲ್ಲಗೆ ಎತ್ತಿ ಆ ದಿಂಬನ್ನು ತೋಳಿನ ಜಾಗಕ್ಕೆ ತಳ್ಳುವನು. ಮೂರು ದಿನ ಮುದುಕಿ ಎದ್ದು ರಂಪ ಮಾಡಿದಳು. ನಾಲ್ಕನೇ ದಿನ ನಿದ್ದೆ ಕೆಡಲಿಲ್ಲ.

ತಿಂಗಳೊಳಗೆ ಜೋಮು ಇಳಿಯಿತು.

"ಬೀಗ ತೆಗೆದೀನಿ, ಹೊರಗೆ ಒಂದು ಸುತ್ತು ಹೋಗಿ ಬಾ," ಎಂದು ಒಂದು ಮಧ್ಯಾಹ್ನ ದಿಂಬು ಸರಿಸಿಟ್ಟ ಮೇಲೆ ಮಾಲತೇಶ್ ಪಿಸುಗುಟ್ಟಿದ.

ಪುಷ್ಪಲತಾ ಏಳಲಿಲ್ಲ, ತನ್ನ ಸೊಂಟದ ಕಡೆ ಕಣ್ಣು ಹಾಯಿಸಿ ತೋರಿಸಿದಳು. ನಿದ್ದೆಯಲ್ಲಿದ್ದ ಕೊಟ್ರವ್ವ ಸೊಸೆಯ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು.